ಓದುಗರ ಪ್ರಶ್ನೆ, ತಜ್ಞರ ಉತ್ತರ: ಹತ್ತು ಜನ ಹೇಳಿದರೆ ಅದೇ ಸರಿಯೆ?

ಗುಂಪಿನ ಒತ್ತಡದ ಬಗ್ಗೆ ಮನೋವಿಜ್ಞಾನ ನಡೆಸಿದ ಹಳೆಯ ಪ್ರಯೋಗಗಳನ್ನು ಎಷ್ಟು ನಂಬಬಹುದು? ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಆರು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ ಕೊಟ್ಟಿದ್ದೇವೆ.

ಸಾಲೊಮನ್ ಆಶ್ ಅವರ ಗೆರೆಗಳ ಪ್ರಯೋಗದಲ್ಲಿ ಶೇ 75 ಜನ ಗುಂಪಿಗೆ ಮಣಿದರು ಎಂದು ನಮ್ಮ ಪುಸ್ತಕದಲ್ಲಿದೆ. ಸೀನಿಯರ್ ಕೊಟ್ಟ ನೋಟ್ಸ್‌ನಲ್ಲಿ ಶೇ 37 ಎಂದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
*ಬಿ.ಎ. ವಿದ್ಯಾರ್ಥಿನಿ, ಬಳ್ಳಾರಿ*

ಎರಡೂ ಸರಿ. ಮೊದಲನೆಯದು ಜನರ ಲೆಕ್ಕ, ಎರಡನೆಯದು ಉತ್ತರಗಳ ಲೆಕ್ಕ. ಯಾವುದು ಯಾವುದರ ಲೆಕ್ಕ ಎಂದು ಹೇಳದೆ ಬರೆದರೆ ಮಾತ್ರ ಎರಡೂ ತಪ್ಪಾಗುತ್ತವೆ.

ಪ್ರಯೋಗ ನಡೆದದ್ದು ಹೀಗೆ. ಏಳರಿಂದ ಒಂಬತ್ತು ಕಾಲೇಜು ಹುಡುಗರನ್ನು ಒಂದು ಕೋಣೆಯಲ್ಲಿ ಕೂರಿಸುತ್ತಿದ್ದರು. ಒಂದು ಕಾರ್ಡಿನ ಮೇಲೆ ಒಂದೇ ಗೆರೆ, ಇನ್ನೊಂದರ ಮೇಲೆ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲ ಕಾರ್ಡಿನ ಗೆರೆಯಷ್ಟೇ ಉದ್ದವಿದೆ ಎಂದು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು. ಒಂದು ಸುತ್ತಿನಲ್ಲಿ ಮೂಲ ಗೆರೆ 10 ಇಂಚು, ಹೋಲಿಕೆಯವು 8¾, 10 ಮತ್ತು 8 ಇಂಚು. ಕಣ್ಣಿರುವ ಯಾರೂ ತಪ್ಪುವಂತಿರಲಿಲ್ಲ. ಆದರೆ ಗುಂಪಿನಲ್ಲಿ ನಿಜವಾದ ಪರೀಕ್ಷಾರ್ಥಿ ಒಬ್ಬನೇ. ಉಳಿದವರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದವರು. ಒಟ್ಟು 18 ಸುತ್ತುಗಳಲ್ಲಿ 12ರಲ್ಲಿ ಅವರೆಲ್ಲ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಪರೀಕ್ಷಾರ್ಥಿಯ ಸರದಿ ಕೊನೆಯದು ಅಥವಾ ಕೊನೆಯ ಹಿಂದಿನದು.

1956ರ ವಿವರವಾದ ವರದಿಯಲ್ಲಿ ಇಂಥ 123 ಪರೀಕ್ಷಾರ್ಥಿಗಳಿದ್ದಾರೆ. ತಲಾ 12 ಸುತ್ತು ಎಂದರೆ 1,476 ಉತ್ತರಗಳು. ಅದರಲ್ಲಿ ಶೇ 36.8 ಗುಂಪಿನ ಕಡೆ ವಾಲಿದವು, ಅಂದರೆ ತಲೆಗೆ ಸರಾಸರಿ ನಾಲ್ಕೂವರೆಗೆ ತುಸು ಕಡಿಮೆ. ನಿಮ್ಮ ಸೀನಿಯರ್ ಬರೆದ 37 ಇದು. ಇನ್ನು ಹನ್ನೆರಡರಲ್ಲಿ ಒಂದು ಸಲವಾದರೂ ವಾಲಿದವರನ್ನು ಎಣಿಸಿದರೆ ಸುಮಾರು ಮುಕ್ಕಾಲು ಪಾಲು ಆಗುತ್ತಾರೆ. ಪುಸ್ತಕದ 75 ಅದು. ಒಂದೇ ಸಲ ತಡವರಿಸಿ ಹನ್ನೊಂದು ಸಲ ಗುಂಪನ್ನು ಎದುರು ಹಾಕಿಕೊಂಡವನೂ, ಹೆಚ್ಚುಕಡಿಮೆ ಎಲ್ಲ ಸಲವೂ ಗುಂಪಿನ ಜೊತೆ ಹೋದವನೂ ಈ 75ರಲ್ಲಿ ಒಂದೇ ತಕ್ಕಡಿಯಲ್ಲಿ ಕೂತಿದ್ದಾರೆ. ‘ಮುಕ್ಕಾಲು ಪಾಲು ಜನ ಮಣಿದರು’ ಎಂದು ಬರೆದಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ತಿರುಗಿಸಿ ನೋಡಿ: ಸುಮಾರು ಶೇ 63 ಉತ್ತರಗಳು ಇಡೀ ಕೋಣೆ ಒಂದಾಗಿ ತಪ್ಪು ಹೇಳುತ್ತಿದ್ದಾಗಲೂ ಸರಿಯಾಗಿದ್ದವು. ಕಾಲು ಭಾಗ ಜನ ಒಮ್ಮೆಯೂ ಬಗ್ಗಲಿಲ್ಲ. ಆಶ್ ಅವರಿಗೆ ಈ ಬಗ್ಗದವರ ಬಗ್ಗೆಯೂ ಅಷ್ಟೇ ಕುತೂಹಲವಿತ್ತು. ಪಠ್ಯಪುಸ್ತಕಗಳು ಆ ಅರ್ಧವನ್ನು ಕೈಬಿಟ್ಟು ಬಗ್ಗಿದವರನ್ನೇ ಎತ್ತಿ ಹೇಳುತ್ತ ಬಂದಿವೆ ಎಂದು ಫ್ರೆಂಡ್, ರಾಫರ್ಟಿ ಮತ್ತು ಬ್ರಾಮೆಲ್ 1990ರಲ್ಲೇ ತೋರಿಸಿದರು. ಆಮೇಲೂ ಪುಸ್ತಕಗಳು ಹೆಚ್ಚು ಬದಲಾಗಿಲ್ಲ ಎಂಬುದು ನಮಗೆ ನಿಜಕ್ಕೂ ಬೇಸರದ ವಿಷಯ.

ಹಾಗಾದರೆ 37 ಸಣ್ಣ ಸಂಖ್ಯೆಯೇ? ಅಲ್ಲ. ಗುಂಪಿಲ್ಲದೆ ಒಬ್ಬರೇ ಉತ್ತರ ಬರೆದವರಲ್ಲಿ ತಪ್ಪು ಶೇ 1ಕ್ಕಿಂತ ಕಡಿಮೆ ಇತ್ತು. ಈ ಹೋಲಿಕೆಯ ಗುಂಪನ್ನು ಉತ್ತರಪತ್ರಿಕೆಯಲ್ಲಿ ಬಿಡಬೇಡಿ. ಅದಿಲ್ಲದಿದ್ದರೆ ‘ಗೆರೆಗಳು ಕಷ್ಟವಿದ್ದವು, ಅದಕ್ಕೇ ತಪ್ಪಿದರು’ ಎಂಬ ವಾದಕ್ಕೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಇದಕ್ಕಿಂತ ಬೆಲೆಯುಳ್ಳದ್ದು ಆಶ್ ಸನ್ನಿವೇಶವನ್ನು ಬದಲಿಸಿ ಬದಲಿಸಿ ನೋಡಿದ ಭಾಗ. ಎದುರು ಹೇಳುವವನು ಒಬ್ಬನೇ ಇದ್ದಾಗ ತಪ್ಪು ಶೇ 3.6. ಇಬ್ಬರಾದರೆ 13.6, ಮೂವರಾದರೆ 31.8. ಅಲ್ಲಿಂದ ಮುಂದೆ ಜನ ಸೇರಿಸಿದಷ್ಟೂ ಒತ್ತಡ ಏರುತ್ತ ಹೋಗಲಿಲ್ಲ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಮಣಿಯುವಿಕೆ ಕಾಲು ಭಾಗಕ್ಕೆ ಇಳಿಯಿತು. ಆ ಒಬ್ಬ ತಾನೂ ತಪ್ಪು ಹೇಳಿ, ಆದರೆ ಗುಂಪಿನದ್ದಲ್ಲದ ತಪ್ಪು ಹೇಳಿದಾಗಲೂ ಪರೀಕ್ಷಾರ್ಥಿಗೆ ಧೈರ್ಯ ಬಂತು. ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಬರೆದುಕೊಡಿ ಎಂದಾಗ ಮಣಿಯುವಿಕೆ ತೀರಾ ಇಳಿಯಿತು. ಹೀಗಾಗಿ 37 ಎಂಬುದು ಮನುಷ್ಯನ ಸ್ವಭಾವದ ಅಳತೆ ಅಲ್ಲ. ಎಲ್ಲರೂ ಒಂದೇ ಮಾತು, ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು, ಜೊತೆಗೆ ಯಾರೂ ಇಲ್ಲ: ಈ ಮೂರು ಕೂಡಿದ ಸನ್ನಿವೇಶದ ಅಳತೆ. ಹತ್ತು ಅಂಕದ ಪ್ರಶ್ನೆಯಾದರೆ ಇದನ್ನೇ ಬರೆಯಿರಿ.

ಈ ಪ್ರಯೋಗವನ್ನು ನಮ್ಮ ಪದವಿ ಕಾಲೇಜಿನಲ್ಲಿ ಮತ್ತೆ ಮಾಡಿಸಬೇಕೆಂದಿದೆ. ಏನೇನು ತಯಾರಿ ಬೇಕು?
*ಉಪನ್ಯಾಸಕರು, ಸಿಂಧನೂರು*

ಆಶ್ ಮಾಡಿದ ಹಾಗೆಯೇ ಮಾಡಬೇಡಿ ಸರ್. ನಿಮ್ಮ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಓದಿರುತ್ತಾರೆ, ಇಲ್ಲವೇ ಮೊಬೈಲ್‌ನಲ್ಲಿ ವಿಡಿಯೊ ನೋಡಿರುತ್ತಾರೆ. ಮೊದಲ ಹುಡುಗ ಹೊರಗೆ ಬಂದ ಅರ್ಧ ಗಂಟೆಯಲ್ಲಿ ಗುಟ್ಟು ಕ್ಯಾಂಟೀನ್ ತಲುಪುತ್ತದೆ. ಗುಮಾನಿ ಬಂದವನು ಗುಂಪಿನ ಜೊತೆ ಹೋದರೆ ಮಣಿದದ್ದೋ, ಮೇಷ್ಟ್ರಿಗೆ ಬೇಕಾದದ್ದನ್ನು ಕೊಟ್ಟದ್ದೋ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸುಳ್ಳು ಹೇಳಿ ನಡೆಸುವ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಮುಗಿದ ಮೇಲೆ ಪ್ರತಿಯೊಬ್ಬರಿಗೂ ನಿಜ ತಿಳಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸಮಾಜ ಮತ್ತು ವರ್ತನೆಯ ಸಂಶೋಧನೆಯನ್ನೂ ಒಳಗೊಂಡಿದೆ. 18 ತುಂಬದವರಿದ್ದರೆ ಪೋಷಕರ ಒಪ್ಪಿಗೆಯೂ ಬೇಕು.

ಸುಳ್ಳೇ ಬೇಡದ, ಆಶ್‌ಗಿಂತ ಹಳೆಯ ದಾರಿ ಇದೆ. 1932ರಲ್ಲಿ ಆರ್ಥರ್ ಜೆನೆಸ್ ಬಾಟಲಿಯಲ್ಲಿ ಬೀನ್ಸ್ ಕಾಳು ತುಂಬಿ ಎಷ್ಟಿವೆ ಎಂದು ಅಂದಾಜು ಹೇಳಿಸಿದ್ದರು. ನೀವು ಕಾಬೂಲಿ ಕಡಲೆ ಬಳಸಿ. ಅರ್ಧ ಲೀಟರಿನ ಗಾಜಿನ ಬಾಟಲಿ ಸಾಕು, ಕಾಳು ಐನೂರಕ್ಕಿಂತ ಹೆಚ್ಚಿರಲಿ. ಐವತ್ತರ ಗುಡ್ಡೆ ಮಾಡಿ ಇಬ್ಬರು ಬೇರೆ ಬೇರೆ ಎಣಿಸಿ, ಲೆಕ್ಕ ಕೂಡಿದ ಮೇಲೆ ಮುಚ್ಚಳಕ್ಕೆ ಟೇಪ್ ಹಚ್ಚಿ.

ಅರವತ್ತು ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳೋಣ. ಚೀಟಿ ಎತ್ತಿಸಿ ಐದೈದು ಜನರ ಹನ್ನೆರಡು ತಂಡ ಮಾಡಿ. ಬೆಂಚಿನ ಪ್ರಕಾರ ಮಾಡಿದರೆ ಗೆಳೆಯರು ಗೆಳೆಯರೇ ಸೇರುತ್ತಾರೆ. ಆರು ತಂಡ ಚರ್ಚೆಗೆ, ಆರು ತಂಡ ಹೋಲಿಕೆಗೆ, ಅದೂ ಚೀಟಿಯಿಂದಲೇ. ಪ್ರತಿಯೊಬ್ಬರೂ ಬಾಟಲಿಯನ್ನು ಒಂದು ಮೊಳ ದೂರದಿಂದ ಅರ್ಧ ನಿಮಿಷ ನೋಡಿ, ಮಾತಾಡದೆ ಒಂದು ಅಂಕಿ ಬರೆದುಕೊಡಲಿ. ಚೀಟಿಯ ಮೇಲೆ ಹೆಸರು ಬೇಡ, ತಂಡದ ನಂಬರು ಮತ್ತು ಆಳಿನ ನಂಬರು ಇರಲಿ, ಇಲ್ಲದಿದ್ದರೆ ಮೊದಲ ಚೀಟಿಯನ್ನೂ ಎರಡನೆಯದನ್ನೂ ಜೋಡಿಸಲಾಗದು. ಆಮೇಲೆ ಚರ್ಚೆಯ ತಂಡಗಳು ಹತ್ತು ನಿಮಿಷ ಮಾತಾಡಿ ಒಂದು ಅಂಕಿಗೆ ಒಪ್ಪಿಕೊಳ್ಳಲಿ. ಹೋಲಿಕೆಯವರು ಅಷ್ಟೇ ಹೊತ್ತು ಇನ್ನೊಂದು ಕೋಣೆಯಲ್ಲಿ ಕಡಲೆಯ ಮಾತೇ ಎತ್ತದೆ ಪತ್ರಿಕೆ ಓದಲಿ. ಕೊನೆಗೆ ಎಲ್ಲರೂ ಮತ್ತೆ ಗುಟ್ಟಾಗಿ ಎರಡನೆಯ ಅಂದಾಜು ಬರೆಯಲಿ.

ಪ್ರತಿ ತಂಡದ ಐದು ಚೀಟಿಗಳಲ್ಲಿ ಅತಿ ಹೆಚ್ಚಿನಿಂದ ಅತಿ ಕಡಿಮೆಯನ್ನು ಕಳೆಯಿರಿ. ಅದು ಆ ತಂಡದ ಹರವು. ಮೊದಲ ಸಲದ ಹರವು, ಎರಡನೆಯ ಸಲದ ಹರವು ಬರೆದಿಟ್ಟು, ಎಷ್ಟು ಕುಗ್ಗಿತು ಎಂದು ಚರ್ಚೆಯ ತಂಡಗಳಿಗೂ ಹೋಲಿಕೆಯ ತಂಡಗಳಿಗೂ ತಾಳೆ ನೋಡಿ. ಹೋಲಿಕೆಯವರಲ್ಲೂ ಹರವು ಸ್ವಲ್ಪ ಕುಗ್ಗಬಹುದು, ಏಕೆಂದರೆ ಮೊದಲ ಸಲ ವಿಪರೀತ ಅಂಕಿ ಬರೆದವರು ಎರಡನೆಯ ಸಲ ಯೋಚಿಸಿ ತಾವಾಗಿಯೇ ನಡುವಿನತ್ತ ಬರಬಹುದು. ಅದನ್ನು ಕಳೆದ ಮೇಲೆ ಉಳಿಯುವುದೇ ಗುಂಪಿನ ಪರಿಣಾಮ.

ಎಡವುವ ಜಾಗಗಳು ಹಲವು. ಯಾರೋ ಒಬ್ಬರು ಮೊದಲೇ ‘ಸಾವಿರ ಇರಬೇಕು’ ಎಂದು ಕೂಗಿದರೆ ಆ ಕೋಣೆಯ ಲೆಕ್ಕ ಅಲ್ಲಿಗೆ ಕೆಟ್ಟಿತು, ಬಾಟಲಿ ಬದಲಿಸಿ ಹೊಸದಾಗಿ ಶುರು ಮಾಡಿ. ಒಬ್ಬ 50,000 ಎಂದು ಬರೆದರೆ ಸರಾಸರಿಯೂ ಹರವೂ ಎರಡೂ ಹಾಳು. ಅಂಥ ಚೀಟಿಯನ್ನು ಏನು ಮಾಡಬೇಕೆಂದು ಪ್ರಯೋಗಕ್ಕೆ ಮುಂಚೆಯೇ ನಿಯಮ ಬರೆದಿಡಿ, ಫಲಿತಾಂಶ ನೋಡಿ ಕಿತ್ತುಹಾಕಬೇಡಿ. ತರಗತಿಯ ಅಂದಾಜು ಹೇಳುವಾಗ ಸರಾಸರಿಗಿಂತ ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ವಾಸಿ. ಸರಿ ಸಂಖ್ಯೆ ಗೊತ್ತಿರುವವರು ತಂಡಗಳ ನಡುವೆ ಓಡಾಡಬಾರದು, ಮುಖ ನೋಡಿಯೇ ಹುಡುಗರು ಊಹಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಎಣಿಕೆಯದು: ನಿಮ್ಮ ಬಳಿ ಇರುವುದು ಅರವತ್ತು ಸ್ವತಂತ್ರ ಉತ್ತರಗಳಲ್ಲ, ಹನ್ನೆರಡು ತಂಡಗಳು. ಒಂದು ತಂಡದ ಐವರು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡಿದ್ದಾರೆ. ಆರಕ್ಕೆ ಆರು ಹೋಲಿಸಿದಾಗ ದೊಡ್ಡ ವ್ಯತ್ಯಾಸ ಮಾತ್ರ ಕಣ್ಣಿಗೆ ಬೀಳುತ್ತದೆ. ಎರಡು ಮೂರು ವಿಭಾಗಗಳಲ್ಲಿ ಇದೇ ಕ್ರಮದಲ್ಲಿ ಮಾಡಿ ಸೇರಿಸಿದರೆ ಒಳ್ಳೆಯದು.

ಫಲಿತಾಂಶ ಹೇಳುವಾಗ ‘ನೋಡಿ, ಎಲ್ಲರೂ ಕುರಿಮಂದೆ’ ಎಂದು ದಯವಿಟ್ಟು ಹೇಳಬೇಡಿ. ಕಾಳಿನ ಲೆಕ್ಕ ಯಾರಿಗೂ ಖಚಿತವಿಲ್ಲದಾಗ ನಾಲ್ವರ ಅಂದಾಜು ಕೇಳಿ ತನ್ನದನ್ನು ತಿದ್ದಿಕೊಳ್ಳುವುದು ಬುದ್ಧಿವಂತಿಕೆಯೇ.

ಅವೆಲ್ಲ 1950ರ ದಶಕದ ಅಮೆರಿಕದ ಮಾತು. ಈಗಲೂ ನಿಲ್ಲುತ್ತದೆಯೇ? ನಮ್ಮವರು ಹಿರಿಯರ ಮಾತು ಮೀರದವರು, ಇನ್ನೂ ಹೆಚ್ಚು ಮಣಿಯುತ್ತಾರಲ್ಲವೇ?
*ಬಿ.ಎಡ್. ಪ್ರಶಿಕ್ಷಣಾರ್ಥಿ, ರಾಯಚೂರು*

1980ರಲ್ಲಿ ಬ್ರಿಟನ್ನಿನ ಪೆರಿನ್ ಮತ್ತು ಸ್ಪೆನ್ಸರ್ ಎಂಜಿನಿಯರಿಂಗ್, ಗಣಿತ, ರಸಾಯನಶಾಸ್ತ್ರದ ವಿದ್ಯಾರ್ಥಿಗಳೊಂದಿಗೆ ಇದನ್ನು ಮತ್ತೆ ಮಾಡಿದಾಗ 396 ಸುತ್ತುಗಳಲ್ಲಿ ಗುಂಪಿಗೆ ಮಣಿದ ಉತ್ತರ ಒಂದೇ ಒಂದು. ಆಶ್ ಕಥೆ ಮುಗಿಯಿತು ಎಂದು ಹಲವರು ಬರೆದರು. ಆದರೆ ಅವರೇ ಪ್ರೊಬೇಷನ್‌ನಲ್ಲಿದ್ದ (ಅಪರಾಧ ಮಾಡಿ, ಜೈಲಿನ ಬದಲು ಅಧಿಕಾರಿಯ ನಿಗಾದಲ್ಲಿದ್ದ) ಯುವಕರನ್ನು ಪ್ರೊಬೇಷನ್ ಅಧಿಕಾರಿಗಳ ನಡುವೆ ಕೂರಿಸಿದಾಗ ಆಶ್ ಅವರದ್ದಕ್ಕೆ ಹತ್ತಿರದ ಅಂಕಿಗಳೇ ಬಂದವು. ಅಳತೆಯೇ ಕಸುಬಾದ ಎಂಜಿನಿಯರಿಂಗ್ ಹುಡುಗನಿಗೆ ಗೆರೆಯ ವಿಷಯದಲ್ಲಿ ಎದುರು ಮಾತಾಡಿದರೆ ಕಳೆದುಕೊಳ್ಳುವುದೇನೂ ಇಲ್ಲ. ಪ್ರೊಬೇಷನ್‌ನಲ್ಲಿದ್ದ ಯುವಕನಿಗೆ ಇದೆ. ಎದುರಾಡಿದರೆ ತೆರಬೇಕಾದ ಬೆಲೆ ಏನು ಎಂದು ಕೇಳದೆ ಎರಡು ಅಧ್ಯಯನಗಳನ್ನು ಹೋಲಿಸಬಾರದು. ಇತ್ತೀಚೆಗೆ, 2023ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫ್ರಾನ್ಸೆನ್ ಮತ್ತು ಮಾಡರ್ 202 ಜನರೊಂದಿಗೆ ಮಾಡಿದ ಮರುಪ್ರಯೋಗ ಪ್ರಕಟವಾಯಿತು. ತಪ್ಪು ಶೇ 33. ಸರಿ ಉತ್ತರಕ್ಕೆ ಹಣ ಕೊಡುತ್ತೇವೆ ಎಂದಾಗ 25ಕ್ಕೆ ಇಳಿಯಿತು, ಅಳಿಸಿಹೋಗಲಿಲ್ಲ.

ಸಂಸ್ಕೃತಿಯ ವಿಚಾರ: ಬಾಂಡ್ ಮತ್ತು ಸ್ಮಿತ್ 1996ರಲ್ಲಿ 17 ದೇಶಗಳ 133 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಕುಟುಂಬ, ಸಮುದಾಯಕ್ಕೆ ಹೆಚ್ಚು ಬೆಲೆ ಕೊಡುವ ದೇಶಗಳಲ್ಲಿ ಮಣಿಯುವಿಕೆ ಹೆಚ್ಚಿತ್ತು, ಅಮೆರಿಕದಲ್ಲಿ 1950ರಿಂದೀಚೆಗೆ ಕಡಿಮೆಯಾಗುತ್ತ ಬಂದಿತ್ತು. ನಿಮ್ಮ ಊಹೆಗೆ ಅಷ್ಟರ ಮಟ್ಟಿಗೆ ಆಧಾರವಿದೆ. ಆದರೆ ದೇಶಗಳ ಸರಾಸರಿಯಿಂದ ನಿಮ್ಮ ಎದುರು ಕೂತ ಹುಡುಗಿಯನ್ನು ಅಳೆಯಲಾಗದು. ಜೊತೆಗೆ, ಆಶ್ ಕೋಣೆಯಲ್ಲಿದ್ದವರು ಸಮಾನರು, ಎಲ್ಲರೂ ವಿದ್ಯಾರ್ಥಿಗಳು. ಹಿರಿಯರ ಎದುರು ಸುಮ್ಮನಿರುವುದು ಬೇರೆ ಪ್ರಶ್ನೆ, ಅದರಲ್ಲಿ ಗೌರವವಿದೆ, ಭಯವಿದೆ, ಅವಲಂಬನೆಯಿದೆ. ಅದನ್ನು ಅಳೆಯಲು ಬೇರೆ ಪ್ರಯೋಗವೇ ಬೇಕು. ತರಗತಿಯಲ್ಲಿ ನೀವು ಈಗಲೇ ಮಾಡಬಹುದಾದದ್ದು: ‘ಅರ್ಥವಾಯಿತೇ’ ಎಂದು ಒಟ್ಟಿಗೆ ಕೇಳುವ ಬದಲು ಎಲ್ಲರೂ ಉತ್ತರವನ್ನು ಮೊದಲು ಸ್ಲೇಟಿನಲ್ಲೋ ಚೀಟಿಯಲ್ಲೋ ಬರೆಯಲಿ, ಆಮೇಲೆ ಒಮ್ಮೆಗೇ ಎತ್ತಿ ತೋರಿಸಲಿ.

ನಮ್ಮ ಕಾಲುವೆ ಭಾಗದಾಗ ಬಾಜೂ ಗದ್ದಿಯವ್ರು ಹುಳಕ್ಕ ಎಣ್ಣಿ (ಕೀಟನಾಶಕ) ಹೊಡದ್ರ ಮರುದಿನ ಎಲ್ಲಾರೂ ಹೊಡಿತಾರ. ಇದೂ ಗುಂಪಿನ ಒತ್ತಡನ ಏನ್ರಿ?
*ಭತ್ತದ ಬೆಳೆಗಾರರು, ಗಂಗಾವತಿ*

ಪೂರ್ತಿ ಹಾಗೆ ಹೇಳಲಾಗದು ಅಣ್ಣಾವ್ರೆ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿದರೆ ಒಬ್ಬರನ್ನು ನೋಡಿ ಒಬ್ಬರು ಮಾಡಿದರು ಎಂದೇ ಅರ್ಥವಲ್ಲ. ಕಾಲುವೆಗೆ ನೀರು ಬಿಟ್ಟದ್ದು ಎಲ್ಲರಿಗೂ ಒಂದೇ ಹೊತ್ತಿಗೆ, ನಾಟಿಯೂ ಹೆಚ್ಚುಕಡಿಮೆ ಒಟ್ಟಿಗೇ, ಹುಳುವೂ ಒಟ್ಟಿಗೇ ಬರುತ್ತದೆ. ಕಾರಣ ಒಂದೇ ಇದ್ದಾಗ ಅನುಕರಣೆಯಿಲ್ಲದೆಯೂ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಇನ್ನೊಂದು, ಆಶ್ ತೋರಿಸಿದ ಗೆರೆಯಂತೆ ಇದು ಕಣ್ಣಿಗೆ ನಿಚ್ಚಳವಾಗಿ ಕಾಣುವ ವಿಷಯವಲ್ಲ. ನಿಮಗೆ ಹತ್ತಿರವಾದದ್ದು ಮುಜಾಫರ್ ಶೆರೀಫ್ ಅವರ 1935ರ ಅಧ್ಯಯನ. ಕತ್ತಲ ಕೋಣೆಯಲ್ಲಿ ನಿಂತಲ್ಲೇ ಇರುವ ಒಂದು ಬೆಳಕಿನ ಚುಕ್ಕೆ ನೋಡುವವರಿಗೆ ಅಲುಗಾಡಿದಂತೆ ಕಾಣುತ್ತದೆ. ಎಷ್ಟು ಅಲುಗಿತು ಎಂದು ಕೇಳಿದಾಗ ಒಬ್ಬೊಬ್ಬರದ್ದು ಒಂದೊಂದು ಅಂದಾಜು. ಒಟ್ಟಿಗೆ ಕೂತು ಹೇಳುತ್ತ ಹೋದಂತೆ ಎಲ್ಲರ ಅಂದಾಜು ಹತ್ತಿರ ಹತ್ತಿರ ಬಂತು. ಆಮೇಲೆ ಒಬ್ಬರನ್ನೇ ಕೂರಿಸಿ ಕೇಳಿದಾಗಲೂ ಗುಂಪಿನ ಅಂದಾಜೇ ಉಳಿದಿತ್ತು. ಡಾಯ್ಚ್ ಮತ್ತು ಜೆರಾರ್ಡ್ 1955ರಲ್ಲಿ ಈ ಎರಡನ್ನೂ ಬೇರೆ ಮಾಡಿದರು: ಬೇರೆಯವರಿಗೆ ಹೆಚ್ಚು ಗೊತ್ತಿರಬಹುದು ಎಂದು ಅವರ ಹಿಂದೆ ಹೋಗುವುದು ಒಂದು, ನಾಲ್ಕು ಜನ ಏನಂದುಕೊಂಡಾರು ಎಂದು ಹೋಗುವುದು ಇನ್ನೊಂದು. ನಿಮ್ಮಲ್ಲಿ ಎರಡೂ ಬೆರೆತಿರಬಹುದು.

ನಿಮ್ಮ ಮಟ್ಟಿಗೆ ಬಿಡಿಸಿಕೊಳ್ಳುವ ದಾರಿ ಎಣಿಕೆ. ಭತ್ತದ ರಸ ಹೀರುವ ಕಂದು ಜಿಗಿಹುಳು ದಂಟಿನ ಬುಡದಲ್ಲಿ, ನೀರಿನ ಮಟ್ಟದ ಸ್ವಲ್ಪ ಮೇಲೆ ಕೂತಿರುತ್ತದೆ, ದಂಡೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ಗದ್ದೆಗೆ ಇಳಿದು ನಾಲ್ಕು ಮೂಲೆ ಮತ್ತು ನಡುವೆ, ಪ್ರತಿ ಕಡೆ ನಾಲ್ಕೈದು ಬುಡ ಬಗ್ಗಿಸಿ ತಟ್ಟಿ, ಬಿದ್ದ ಹುಳು ಎಣಿಸಿ ಬರೆದುಕೊಳ್ಳಿ. ಎಷ್ಟಿದ್ದರೆ ಹೊಡೆಯಬೇಕು ಎಂಬ ಮಿತಿಯನ್ನು ಬೆಳೆಯ ಹಂತ ಹೇಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಎಣಿಸಿದ್ದನ್ನು ಬಾಜೂ ಗದ್ದೆಯವರ ಮಾತು ಕೇಳುವುದಕ್ಕೆ ಮುಂಚೆ ಬರೆಯಬೇಕು, ಕೇಳಿದ ಮೇಲೆ ಎಣಿಸಿದರೆ ಕೈ ಅತ್ತಲೇ ವಾಲುತ್ತದೆ. ಇದು ಬರೀ ಖರ್ಚಿನ ಮಾತಲ್ಲ. ಪೈರೆಥ್ರಾಯ್ಡ್ ಎಂಬ ಜಾತಿಯ ಕೆಲವು ಎಣ್ಣೆಗಳು ಜಿಗಿಹುಳು ತಿನ್ನುವ ಜೇಡ, ತಿಗಣೆಗಳನ್ನು ಮೊದಲು ಕೊಂದು, ಹುಳುವನ್ನೇ ಮತ್ತೆ ಹೆಚ್ಚಿಸುತ್ತವೆ.

ಮಿಲ್‌ಗ್ರಾಂ ಅವರ ಕರೆಂಟ್ ಪ್ರಯೋಗ, ಸ್ಟ್ಯಾನ್‌ಫೋರ್ಡ್ ಜೈಲಿನ ಪ್ರಯೋಗ ಇವನ್ನೂ ಗುಂಪಿನ ಒತ್ತಡದ ಉದಾಹರಣೆ ಎಂದು ಕೊಡಬಹುದೇ?
*ಓದುಗರು, ಸಂಡೂರು*

ಮಿಲ್‌ಗ್ರಾಂ ಅಳೆದದ್ದು ಅಧಿಕಾರಿಯ ಅಪ್ಪಣೆ ಪಾಲಿಸುವುದನ್ನು: ಉತ್ತರ ತಪ್ಪಿದವನಿಗೆ ಕರೆಂಟ್ ಶಾಕ್ ಕೊಡಿ ಎಂದು ಪ್ರಯೋಗ ನಡೆಸುವವರು ಹೇಳಿದರೆ ಎಲ್ಲಿಯವರೆಗೆ ಕೊಡುತ್ತಾರೆ ಎಂಬುದನ್ನು. 1963ರ ವರದಿಯಲ್ಲಿ 40 ಗಂಡಸರಲ್ಲಿ 26 ಮಂದಿ, ಅಂದರೆ ಶೇ 65, ಹದಿನೈದು ಹದಿನೈದು ವೋಲ್ಟ್ ಏರಿಸುತ್ತ 450ರ ಕೊನೆಯ ಸ್ವಿಚ್‌ವರೆಗೆ ಹೋದರು. ಶಾಕ್ ನಿಜವಾದದ್ದಲ್ಲ. ಎಲ್ಲರೂ ಉಲ್ಲೇಖಿಸುವುದು ಈ 65ನ್ನೇ, ಆದರೆ ಅವರು ಇಪ್ಪತ್ತಕ್ಕೂ ಹೆಚ್ಚು ಬಗೆಯಲ್ಲಿ ಇದನ್ನು ಮಾಡಿದ್ದರು. ಜೊತೆಗಿದ್ದ ಇಬ್ಬರು ‘ನಾವು ಒಲ್ಲೆವು’ ಎಂದು ಎದ್ದಾಗ ಕೊನೆಯವರೆಗೆ ಹೋದವರು 40ರಲ್ಲಿ ಬರೀ ನಾಲ್ವರು. ಗುಂಪಿನ ಬಗ್ಗೆ ಪಾಠ ಮಾಡುವುದಾದರೆ ಇದನ್ನು ಕೊಡಿ. ಶಾಕ್ ನಿಜವೆಂದು ಎಷ್ಟು ಜನ ನಂಬಿದ್ದರು ಎಂಬ ಬಗ್ಗೆ ಲೇಖಕಿ ಜೀನಾ ಪೆರಿ ದಾಖಲೆಗಳನ್ನು ಕೆದಕಿ ಎತ್ತಿದ ಸಂಶಯ ಗಂಭೀರವಾದದ್ದು, ಅದನ್ನೂ ಹೇಳಿ.

1971ರ ಸ್ಟ್ಯಾನ್‌ಫೋರ್ಡ್ ಜೈಲನ್ನು ಪ್ರಯೋಗವೆಂದು ಕೊಡಬೇಡಿ. ಅದು ವಿದ್ಯಾರ್ಥಿಗಳನ್ನೇ ಕೈದಿಗಳು, ಕಾವಲುಗಾರರು ಎಂದು ಹಂಚಿ ನಡೆಸಿದ ಅಣಕು ಜೈಲು. ಹೋಲಿಕೆಯ ಗುಂಪಿಲ್ಲ, ಅದನ್ನು ನಡೆಸಿದ ಝಿಂಬಾರ್ಡೊ ತಾವೇ ಜೈಲಿನ ಸೂಪರಿಂಟೆಂಡೆಂಟ್ ಆಗಿದ್ದರು, ಕಾವಲುಗಾರರು ಹೇಗೆ ನಡೆದುಕೊಳ್ಳಬೇಕೆಂದು ಸೂಚನೆ ಹೋಗಿತ್ತು ಎಂಬುದು ಧ್ವನಿಮುದ್ರಣಗಳಲ್ಲೇ ಇದೆ. ಸಂಶೋಧನೆ ಹೇಗೆ ಕೆಡುತ್ತದೆ ಎಂಬ ಪಾಠಕ್ಕೆ ಅದು ಬೇಕೇ ಬೇಕು.

ನಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಯಾರಿಗೆ ಎಂದು ಕೈ ಎತ್ತಿಸಿ ತೀರ್ಮಾನ ಮಾಡುತ್ತೇವೆ. ಎಲ್ಲರೂ ಎತ್ತುತ್ತಾರೆ, ಆಮೇಲೆ ಮನೆಗೆ ಹೋಗಿ ಗೊಣಗುತ್ತಾರೆ. ಏನು ಮಾಡಬೇಕು?
*ಸಂಘದ ಪ್ರತಿನಿಧಿ, ಕುಷ್ಟಗಿ*

ಅಕ್ಕಾವ್ರೆ, ಕೈ ಎತ್ತುವುದೆಂದರೆ ಆಶ್ ಕೋಣೆಯದೇ ಏರ್ಪಾಡು: ಎಲ್ಲರೆದುರು, ಒಬ್ಬರ ಹಿಂದೆ ಒಬ್ಬರು. ಬದಲಿಸಬೇಕಾದದ್ದು ಹೆಣ್ಣುಮಕ್ಕಳನ್ನಲ್ಲ, ಕೇಳುವ ಕ್ರಮವನ್ನು.

ಮೊದಲು ಮಾತಿನ ಸರದಿ. ನೀವೂ ಹಿರಿಯ ಸದಸ್ಯರೂ ಕೊನೆಗೆ ಮಾತಾಡಿ. ಹೊಸದಾಗಿ ಸೇರಿದವರಿಂದ ಶುರುವಾಗಲಿ. ಸಾಲ ಕೇಳಿದವರು ತಮ್ಮ ಮಾತು ಹೇಳಿ ಸ್ವಲ್ಪ ಹೊತ್ತು ಹೊರಗಿರಲಿ. ಪ್ರತಿ ಸಭೆಯಲ್ಲಿ ಸರದಿಯ ಮೇಲೆ ಒಬ್ಬರಿಗೆ ‘ಈ ಸಾಲಕ್ಕೆ ಇರುವ ತೊಡಕು ಹೇಳಿ’ ಎಂಬ ಕೆಲಸವನ್ನೇ ಒಪ್ಪಿಸಿ. ಕೆಲಸವೆಂದು ಒಪ್ಪಿಸಿದ್ದರಿಂದ ಅದು ಜಗಳವೆನಿಸುವುದಿಲ್ಲ, ಮನಸ್ಸಿನಲ್ಲೇ ತಡೆದವರಿಗೂ ಬಾಯಿ ಬರುತ್ತದೆ.

ತೀರ್ಮಾನ ಕಾಳಿನಿಂದ ಮಾಡಿ, ಓದುಬರಹ ಬಾರದವರಿಗೂ ಆಗುತ್ತದೆ. ಪ್ರತಿಯೊಬ್ಬರಿಗೂ ಒಂದು ಕಡಲೆ ಮತ್ತು ಒಂದು ತೊಗರಿ ಕಾಳು. ಕಡಲೆ ಎಂದರೆ ಸಾಲ ಕೊಡೋಣ, ತೊಗರಿ ಎಂದರೆ ಈಗ ಬೇಡ. ಬಟ್ಟೆ ಮುಚ್ಚಿದ ಎರಡು ಡಬ್ಬಿ ಇಡಿ, ಒಂದು ತೀರ್ಮಾನದ್ದು, ಇನ್ನೊಂದು ಉಳಿದ ಕಾಳಿನದ್ದು. ಎರಡೂ ಕಾಳನ್ನು ಹಾಕಲೇಬೇಕು. ಒಂದೇ ಡಬ್ಬಿ ಇಟ್ಟರೆ ಕೈಯಲ್ಲಿ ಉಳಿದ ಕಾಳು ಗುಟ್ಟನ್ನು ಬಯಲು ಮಾಡುತ್ತದೆ. ಡಬ್ಬಿಯ ತಳಕ್ಕೆ ಮಡಿಸಿದ ಬಟ್ಟೆ ಹಾಕಿ, ಸ್ಟೀಲ್ ಡಬ್ಬಿಯಲ್ಲಿ ಕಡಲೆ ಬಿದ್ದ ಸದ್ದೇ ಬೇರೆ, ತೊಗರಿಯದ್ದೇ ಬೇರೆ. ಡಬ್ಬಿಗಳನ್ನು ಗೋಡೆಯತ್ತ ಇಟ್ಟು ಒಬ್ಬೊಬ್ಬರೇ ಹೋಗಿ ಬರಲಿ. ಇಬ್ಬರು ಸೇರಿ ಎಣಿಸಲಿ, ಎರಡೂ ಡಬ್ಬಿಯ ಕಾಳು ಕೂಡಿಸಿದರೆ ಸದಸ್ಯರ ಸಂಖ್ಯೆಯ ಎರಡರಷ್ಟು ಬರಬೇಕು, ಬಾರದಿದ್ದರೆ ಮತ್ತೆ ಹಾಕಿಸಿ. ಎಷ್ಟು ಕಡಲೆ ಇದ್ದರೆ ಸಾಲ ಎಂಬುದನ್ನು ಕಾಳು ಹಂಚುವ ಮುಂಚೆಯೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ‘ಬೇಡ’ ಎಂದ ಕಾಳು ಎರಡೇ ಬಂದರೂ ಯಾರದು ಎಂದು ಹುಡುಕಬಾರದು, ಅದಕ್ಕೆ ಏನು ಕಾರಣವಿರಬಹುದು ಎಂದು ಮುಂದಿನ ಸಭೆಯಲ್ಲಿ ಎಲ್ಲರನ್ನೂ ಕೇಳಬಹುದು.